ಮಾರಿಸ್ ಕಾರಿನ ತಗಡು

"ಈ ಮಾರಿಸ್ ಒಂದ್ಸಲ ಚಾಮುಂಡಿ ಬೆಟ್ಟದ ಸಾವಿರ ಮೆಟ್ಲನ್ನೂ ರಿವರ್ಸ್ ಗೇರಲ್ಲಿ ಹತ್ಬುಟ್ಟಿತ್ತು ಕಣ್ರೀ. ಮೇಲೆ ಹೋಗಿ ಬಾನೆಟ್ ಎತ್ತಿದ್ರೆ ರೇಡಿಯೇಟರ್ ನೀರು ಐಸು!"

ಕೆಸರೆಯ ಮೆಕ್ಯಾನಿಕ್ ಮೂಗಯ್ಯ ಹಿಂದಿನಿಂದ ಕಾರು ನೂಕುತ್ತಲೇ ಹೇಳಿದ. ಕಾರಿನ ಒಡೆಯ ದೊರೆಸ್ವಾಮಿಯವರನ್ನು ಮಸಣಕ್ಕೆ ಒಯ್ಯುವ ವ್ಯಾನಿಗೆ ಯಾದವಗಿರಿಯ ಆ ಮನೆಯಂಗಳದಲ್ಲಿ ಜಾಗ ಬೇಕಿತ್ತು.

"ನೀವೇ ಓಡಿಸಿದ್ರಾ?" ಜೊತೆಗೆ ನೂಕುತ್ತಿದ್ದ ತೀರಿಹೋದವರ ತಮ್ಮನ ಮಗ ವಾಗೀಶ ಕೇಳಿದ.

"ಮತ್ತಿನ್ಯಾರು? ನಲವತ್ತು ವರ್ಷದಲ್ಲಿ ಈ ಗಾಡಿಗೆ ಬೇರೆಯೋರ ಸ್ಪ್ಯಾನರ್ ತಾಕಿಲ್ಲ. ಒಂದ್ ನಟ್ಟಿಗೂ!"

ನಾಲ್ಕು ಜನ ನಕ್ಕರು, ಸಾವಿನ ಮನೆಯೆಂದು ನೆನಪಾಗಿ ಸುಮ್ಮನಾದರು. ಮೂಗಯ್ಯನಿಗೆ ಸುಮ್ಮನಾಗಲು ಭಯ. ಬಾಯಿಗೆ ಬಿಡುವು ಕೊಟ್ಟರೆ ಒಳಗಿನದು ಹೊರಗೆ ಬಂದೀತು.

*

ದೊರೆಸ್ವಾಮಿಯವರ ತಂದೆ ಅರಮನೆ ಕಚೇರಿಯ ಗುಮಾಸ್ತರು. "ನೀನು ಹುಟ್ಟಿದ ತಿಂಗಳೇ ಈ ಕಾರೂ ಹುಟ್ಟಿತು ಕಣೋ. ಅದಕ್ಕೇ ಇದನ್ನ ಕೊಂಡೆ" ಎನ್ನುತ್ತಿದ್ದರಂತೆ. ಮಗ ನಿವೃತ್ತರಾದ ಮೇಲೆ ಅದಕ್ಕೆ ದಾಖಲೆ ಹುಡುಕಹೊರಟರು. ಹಳೆಯ ಆರ್‌ಸಿ ಪುಸ್ತಕ ಗೆದ್ದಲಿಗೆ ಹೋಗಿತ್ತು. ಉಳಿದದ್ದು ಬಾನೆಟ್ಟಿನೊಳಗಿನ ಹಿತ್ತಾಳೆ ತಗಡು, ಅದರ ಮೇಲಿನ ಚಾಸಿ ನಂಬರು. ಅದನ್ನು ಬರೆದುಕೊಂಡು ಇಂಗ್ಲೆಂಡಿನ ಹಳೇ ಕಾರುಗಳ ಸಂಘಕ್ಕೆ ಕಾಗದ ಹಾಕಿದರು.

ಉತ್ತರ ಬಂತು. ಆ ಕಾರು ತಯಾರಾದದ್ದು ಅವರು ಹುಟ್ಟಿ ನಾಲ್ಕು ವರ್ಷಕ್ಕೆ. ಹಡಗಿನಿಂದ ಇಳಿದದ್ದು ಮದರಾಸಿನಲ್ಲಿ. ಅಲ್ಲಿಗೂ ಹೋಗಿ ರಿಜಿಸ್ಟರ್ ತೆಗೆಸಿದರು. ಮೊದಲ ಒಡೆಯ ಯಾರೋ ಕಾಫಿಪುಡಿ ವ್ಯಾಪಾರಿ.

"ಅಪ್ಪ ನನಗೆ ಕತೆ ಕಟ್ಟಿದ್ರು ಮೂಗಯ್ಯ" ಎಂದರು ಆ ದಿನ. ನಡುಮನೆಯಿಂದ ತಂದೆಯ ಫೋಟೋ ಇಳಿಯಿತು. ಹನ್ನೊಂದು ವರ್ಷ, ತಿಥಿಯ ದಿನವೂ ಮೇಲೇರಲಿಲ್ಲ.

ಮೂಗಯ್ಯ ಬಾನೆಟ್ ಒರೆಸುತ್ತ ನಿಂತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

*

"ಮೂಗಯ್ಯ, ಒಂದ್ನಿಮಿಷ." ದೊರೆಸ್ವಾಮಿಯವರ ಮಗಳು ಶುಭಾ ಫೋನ್ ಹಿಡಿದು ಬಂದಳು. "ಹೋದ ವಾರ ಅಪ್ಪ ಆಸ್ಪತ್ರೆಯಿಂದ್ಲೇ ಆ ತಗಡಿನ ಫೋಟೋನ ಸಂಘಕ್ಕೆ ಕಳ್ಸಿದ್ರು. ಬೆಳಿಗ್ಗೆ ಉತ್ತರ ಬಂತು. ತಗಡು ಬಡಿದಿರೋ ರಿವೆಟ್ಟು ಕಾರ್ಖಾನೇದಲ್ವಂತೆ. ತಗಡು ಬೇರೆ ಕಾರಿಂದಂತೆ."

"ಅವ್ರಿಗೇನ್ ಗೊತ್ತು ಕಣಮ್ಮ! ಆ ರಿವೆಟ್ಟು..."

"ಬೇರೆಯೋರ ಸ್ಪ್ಯಾನರ್ ತಾಕಿಲ್ಲ ಅಂತ ಈಗ ತಾನೇ ಅಂದ್ರಿ."

ಮೂಗಯ್ಯ ಅಂಗಿ ಜೇಬಿಗೆ ಕೈ ಹಾಕಿದ. ಎಲೆಅಡಿಕೆ ಡಬ್ಬಿ ತೆಗೆದ. ಅಡಿಕೆಯ ಕೆಳಗಿಂದ ಹಸಿರುಗಟ್ಟಿದ ಹಿತ್ತಾಳೆ ತಗಡು ಬಂತು.

"ಈ ಕಾರಿನ ತಗಡು ಇದೇ. ಪೇಂಟ್ ಮಾಡಕ್ಕೆ ಬಿಚ್ಚಿದ್ದೆ, ಕಳೆದೋಯ್ತು. ಮೂಗಯ್ಯ ಕಳೆದ ಅಂತ ಯಾರೂ ಅನ್ನಬಾರ್ದು ಅಂತ ಗುಜರಿ ಮಾರಿಸಿನ ತಗಡು ಹೊಡೆದ್ಬುಟ್ಟೆ. ಸಾರ್ ಅವ್ರಪ್ಪನ ಫೋಟೋ ಇಳಿಸಿದ ವರ್ಷವೇ ಇದು ಶೆಡ್ಡಿನ ಮಣ್ಣಲ್ಲಿ ಸಿಕ್ತು. ನನ್ ಮಗ ಪ್ರಸನ್ನ ಇದರ ನಂಬರ್ ಹೇಳಿ ಆ ಸಂಘದೋರ್ನೇ ಫೋನಲ್ಲಿ ಕೇಳಿ ತಿಳ್ಕೊಂಡ. ಕಾರು ಸಾರ್ ಹುಟ್ಟಿದ ತಿಂಗಳದ್ದೇ. ಬಂದಾಗೆಲ್ಲ ತರ್ತಿದ್ದೆ ಕಣಮ್ಮ. ಬಂದಾಗೆಲ್ಲ, ನಾಳೆ ಹೇಳಾನ ಅಂತ."

ಬಾಗಿಲಲ್ಲಿ ನಿಂತಿದ್ದ ದೊರೆಸ್ವಾಮಿಯವರ ಹೆಂಡತಿ ಅಲಮೇಲು ಅಳುವುದನ್ನು ನಿಲ್ಲಿಸಿದ್ದರು.

"ನಮಗ್ಯಾಕೆ ಹೇಳ್ತೀರಿ? ಅವರಿಗೆ ಹೇಳಿ."

ಮೂಗಯ್ಯ ಚಟ್ಟದ ಪಕ್ಕ ಕುಕ್ಕರಗಾಲಲ್ಲಿ ಕೂತ. ತಗಡನ್ನು ಪಂಚೆಗೆ ಉಜ್ಜಿದ. ನಂಬರು ಕಂಡಿತು. ಬಾಗಿದ.

"ನಿಮ್ಮಪ್ಪಾರು ಸುಳ್ಳು ಹೇಳ್ನಿಲ್ಲ ಸಾರ್. ಹೇಳ್ದೋನು ನಾನು."

ದೊರೆಸ್ವಾಮಿಯವರ ಎರಡೂ ಕಿವಿಗೆ ಯಾರೋ ಆಗಲೇ ಹತ್ತಿ ಇಟ್ಟಿದ್ದರು.