ಎಂಬತ್ತು ಎಡತೋಳು

ಹದಿನಾಲ್ಕು ವರ್ಷದಿಂದ ಆ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಮಾಲೀಕ ಅವಳ ಸ್ವಂತ ಚಿಕ್ಕಪ್ಪ. ಚಿಕ್ಕಪ್ಪನ ಕಾರ್ಖಾನೆಯೆಂದರೆ ಆರಾಮ ಅಂದುಕೊಂಡವರು ಒಂದು ದಿನ ಅಲ್ಲಿ ನಿಂತು ನೋಡಬೇಕು. ಹೊರಗಿನವರು ಊಟಕ್ಕೆ ಎದ್ದು ಹೋಗುತ್ತಾರೆ. ಮನೆಯವಳು ನಿಂತೇ ಇರುತ್ತಾಳೆ.

ಆ ವಾರ ಮೂರು ಆರ್ಡರು ಒಟ್ಟಿಗೇ ಬಂದು ತಲೆಯ ಮೇಲೆ ಕೂತಿದ್ದವು. ಚಿಕ್ಕಪ್ಪ ಗಳಿಗೆಗೊಮ್ಮೆ ಬಾಗಿಲಲ್ಲಿ ಮುಖ ತೋರಿಸಿ "ಆಯ್ತಾ?" ಎನ್ನುತ್ತಿದ್ದ. ಮೊದಲ ಆರ್ಡರು ನಲವತ್ತು ಕೋಟು. ಬಟ್ಟೆಯ ಒಂದು ಮೈ ಹೊಳಪು, ಇನ್ನೊಂದು ಮಂಕು; ಹೊಳಪೇ ಹೊರಗೆ ಬರಬೇಕು. ಹೊಳಪು ಮೇಲಾಗಿ ನಲವತ್ತು ಪದರ ಹಾಸಿ, ರಟ್ಟಿನ ಅಚ್ಚಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಕೈಮಿಷನ್ನಿನಿಂದ ಎಲ್ಲವನ್ನೂ ಒಂದೇ ಏಟಿಗೆ ಕತ್ತರಿಸಬೇಕು. ತೋಳಿಗೆ ಇರುವುದು ಒಂದೇ ಅಚ್ಚು. ಹಾಗೇ ಇಟ್ಟರೆ ಎಡತೋಳು, ಮಗುಚಿ ಇಟ್ಟರೆ ಬಲತೋಳು.

ಮಧ್ಯಾಹ್ನ, ಹೊಲಿಗೆಗೆ ಕೂತಿದ್ದ ಚಿಕ್ಕಮ್ಮ ತೋಳಿನ ಕಟ್ಟುಗಳನ್ನು ಹೊತ್ತು ತಂದು ಮೇಜಿನ ಮೇಲೆ ಹಾಕಿದಳು.

"ಎಂಬತ್ತೂ ಎಡಗೈದೇ ಅಲ್ವೇ! ಇದನ್ನ ತೊಡೋ ಜನ ಯಾವ ಲೋಕದಲ್ಲಿದ್ದಾರಮ್ಮ?"

ಹೊಲಿಯುವವರೆಲ್ಲ ಬಿದ್ದು ಬಿದ್ದು ನಕ್ಕರು. ಕತ್ತರಿಯಕ್ಕ ನಾಚಿಕೆಯಿಂದ ಹಿಡಿಯಷ್ಟಾದಳು. ಎರಡನೆಯ ಸಲ ಅಚ್ಚು ಮಗುಚುವುದನ್ನೇ ಮರೆತಿದ್ದಳು.

ಚಿಕ್ಕಪ್ಪ ನಗಲಿಲ್ಲ. "ಉಳಿದಿರೋ ಬಟ್ಟೆ ನಲವತ್ತು ಬಲತೋಳಿಗೆ ಸರಿಯಾಗಿದೆ, ಒಂದು ಗೇಣೂ ಹೆಚ್ಚಿಲ್ಲ. ಐದಕ್ಕೆ ವ್ಯಾನು ಬರುತ್ತೆ. ಮತ್ತೆ ಹೀಗಾದ್ರೆ ಮಿಷನ್ನು ಬೇರೆಯವರ ಕೈಗೆ. ನೀನು ಗುಂಡಿ ಹೊಲ್ಕೊಂಡು ಕೂತ್ಕೋ."

ಅವಳು ಎದ್ದೆನೋ ಬಿದ್ದೆನೋ ಎಂದು ಬಟ್ಟೆ ಹಾಸಿದಳು, ಗೆರೆ ಎಳೆದಳು, ಮಿಷನ್ನು ಎತ್ತಿಕೊಂಡಳು. ಅಲಗು ಗುಂಯ್ ಎನ್ನತೊಡಗಿತು. ಬಟ್ಟೆಯಂಚಿಗೆ ಎರಡು ಬೆರಳು ದೂರದಲ್ಲಿ ಅದನ್ನು ತಡೆದಳು. ಭಯವಾಯಿತು. ಅದರ ಹಿಂದೆಯೇ, ಎಲ್ಲಿತ್ತೋ ಅಷ್ಟು ದಿನ, ಸಿಟ್ಟೂ ಬಂತು. ಸ್ವಿಚ್ಚು ಆರಿಸಿದಳು. ಪ್ಲಗ್ ಕಿತ್ತು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಏನಿದು?" ಎಂದ ಚಿಕ್ಕಪ್ಪ.

"ಹತ್ತು ನಿಮಿಷ ಕೂರ್ತೀನಿ."

"ಈಗಲಾ? ತಲೆ ನೆಟ್ಟಗಿದೆಯಾ ನಿಂಗೆ?"

"ಇಲ್ಲ. ಅದಕ್ಕೇ ಕೂತಿರೋದು."

"ಕೊಡಿಲ್ಲಿ, ನಾನೇ ಕತ್ತರಿಸ್ತೀನಿ."

"ತಗೊಳ್ಳಿ." ಪ್ಲಗ್ ಹಿಡಿದ ಕೈಯನ್ನು ಮುಂದೆ ಚಾಚಿದಳು. ಚಿಕ್ಕಪ್ಪ ಮಿಷನ್ನನ್ನು ನೋಡಿದ, ಬಟ್ಟೆಯನ್ನು ನೋಡಿದ, ಗಡಿಯಾರ ನೋಡಿದ. ಕಾರ್ಖಾನೆ ಕಟ್ಟಿದ ಮನುಷ್ಯ ಒಂದು ಕರವಸ್ತ್ರವನ್ನೂ ಕತ್ತರಿಸಿದವನಲ್ಲ. ಗೊಣಗುತ್ತ ಬಾಗಿಲಿಗೆ ಹೋಗಿ ನಿಂತ.

ಚಿಕ್ಕಮ್ಮ ಒಂದು ಲೋಟ ನೀರು ತಂದು ಕೊಟ್ಟಳು. ಕತ್ತರಿಯಕ್ಕ ಅವಸರವಿಲ್ಲದೆ ಕುಡಿದಳು. ಬೆಳಗಿನಿಂದ ನೀರು ಕುಡಿದಿರಲಿಲ್ಲವೆಂಬುದು ಆಗ ಗೊತ್ತಾಯಿತು. ಉಸಿರು ಹತೋಟಿಗೆ ಬಂತು. ಕೂತಲ್ಲಿಂದಲೇ ಮೇಜಿನ ಮೇಲಿನ ಬಿಳಿ ಗೆರೆಯ ಮೇಲೆ ಕಣ್ಣಾಡಿಸಿದಳು. ತೋಳಿನ ಹಿಂಬದಿಯ ಬಾಗು ಇರಬೇಕಾದ ಕಡೆ ಮುಂಬದಿಯ ಬಾಗು ಇತ್ತು.

"ಚಿಕ್ಕಪ್ಪ, ಬನ್ನಿ ಇಲ್ಲಿ. ಇದೂ ಎಡತೋಳೇ."

ಯಾರೂ ನಗಲಿಲ್ಲ.

"ಆಗಲೇ ಕತ್ತರಿಸಿದ್ರೆ ನೂರಿಪ್ಪತ್ತು ಆಗ್ತಿತ್ತು," ಎಂದು ಅವಳೇ ಹೇಳಿ ಗೆರೆಯನ್ನು ಅಂಗೈಯಲ್ಲಿ ಒರೆಸಿದಳು. ಅಚ್ಚನ್ನು ಮಗುಚಿಟ್ಟು ಹೊಸ ಗೆರೆ ಎಳೆದಳು. ಎದ್ದು ಪ್ಲಗ್ ಹಾಕಿದಳು. ಈ ಸಲ ಅಲಗು ಗೆರೆಯ ಮೇಲೆ ಸರಾಗವಾಗಿ ಹೋಯಿತು. ನಲವತ್ತು ಬಲತೋಳು. ಚಿಕ್ಕಮ್ಮ ಒಂದನ್ನು ಎತ್ತಿ ತನ್ನ ಬಲಗೈಗೆ ಹಿಡಿದು ನೋಡಿ, ತಲೆಯಾಡಿಸಿ ಒಯ್ದಳು.

ಕೊನೆಯ ಕಟ್ಟು ಮೇಜಿನಿಂದ ಇಳಿಯುವ ಮೊದಲೇ ಚಿಕ್ಕಪ್ಪ ಎರಡನೆಯ ಆರ್ಡರಿನ ಬಟ್ಟೆಯ ಥಾನು ತಂದು ಹಾಕಿದ. ಕತ್ತರಿಯಕ್ಕ ಮತ್ತೆ ಪ್ಲಗ್ ಕಿತ್ತಳು.

"ಮತ್ತೇನು ಈಗ?"

"ಇನ್ಮೇಲೆ ಒಂದು ಹಾಸು ಬಟ್ಟೆಗೂ ಇನ್ನೊಂದಕ್ಕೂ ಮಧ್ಯೆ ಹತ್ತು ನಿಮಿಷ."

"ಹೀಗೆ ಹೇಳದೆ ಕೇಳದೆ ನಿಲ್ಲಿಸಿದ್ರೆ ಹೇಗೆ?"

"ಹೇಳ್ತಾ ಇದ್ದೀನಲ್ಲ," ಎಂದು ಅವಳು ಸ್ಟೂಲು ಎಳೆದುಕೊಂಡಳು. "ಕೇಳೋದು ಮಾತ್ರ ಇಲ್ಲ."