ಹೊರಗಿನ ಮೆಟ್ಟಿಲು

ಗ್ಯಾಸ್ ಕಟರಿನ ಕಿಡಿಗಳು ಕಲ್ಲಿನ ಗೋಡೆಗುಂಟ ಉದುರುತ್ತಿದ್ದುದನ್ನು ಕಂಡು ರೂಪಾ ಸ್ಕೂಟಿ ನಿಲ್ಲಿಸಿ ಓಡಿದಳು. ಅವಳೇ ನಕ್ಷೆ ಹಾಕಿ, ಬಿಸಿಲಲ್ಲಿ ನಿಂತು ವೆಲ್ಡಿಂಗ್ ಮಾಡಿಸಿದ್ದ ಕಬ್ಬಿಣದ ಮೆಟ್ಟಿಲು ಆಗಲೇ ಅರ್ಧ ನೆಲಕ್ಕೆ ಬಿದ್ದಿತ್ತು.

ಭಾಗ್ಯನಗರದ ಆ ಕಟ್ಟಡ ನಿಜಾಮರ ಕಾಲದ ಹತ್ತಿ ಗಿರಣಿ. ವರ್ಷಾನುಗಟ್ಟಲೆ ಬೀಗ ಬಿದ್ದಿದ್ದ ಅದನ್ನು ಗೋವಿಂದರಾಜ ಹೊಲಿಗೆ ಕಾರ್ಖಾನೆ ಮಾಡುತ್ತಿದ್ದ. ತೇಗದ ಅಟ್ಟದ ತುಂಬ ಹೆಂಗಸರು ಕೂತು ಹೊಲಿಯುವವರಿದ್ದರು. ಇಳಿಯಲು ಒಳಗೆ ಇಕ್ಕಟ್ಟಾದ ಮರದ ಮೆಟ್ಟಿಲೊಂದೇ. ಬೆಂಕಿಯಿಂದ ಕಾಯುವ ಏರ್ಪಾಟಿಗೆಂದು ಅವನೇ ಕರೆಸಿಕೊಂಡಿದ್ದ ಎಂಜಿನಿಯರ್ ರೂಪಾ, ನೀರಿನ ಟ್ಯಾಂಕು, ಪೈಪುಗಳಿಗಿಂತ ಮೊದಲು ಅಟ್ಟದ ಗೋಡೆಗೆ ಬಾಗಿಲು ಬಿಡಿಸಿ, ಹೊರಗಿನಿಂದ ಆ ಮೆಟ್ಟಿಲು ಕೂಡಿಸಿದ್ದಳು.

"ಏನ್ರಿ ಸಾವಕಾರ್ರ ಇದು?"

ಗೋವಿಂದರಾಜ ಅವಳ ಮುಖ ನೋಡಲಿಲ್ಲ. "ಹಳೇ ಕಟ್ಟಡ ಉಳಿಸಾಕ ಅನುದಾನ ಕೊಡೋರು ಬಂದಿದ್ರು. ಇದರಿಂದ ಗಿರಣಿ ಅಂದ ಕೆಟ್ಟೈತಿ, ತಗಸ್ರಿ ಅಂದ್ರು. ತಗಸದಿದ್ರ ಅವ್ರ ರೊಕ್ಕ ಇಲ್ಲ, ಮಷೀನು ಬರಾಂಗಿಲ್ರಿ."

"ಹಿಂದಿನ ಕಡೆ ಹಾಕಸ್ರಿ ಹಂಗಾರ."

"ಅಲ್ಲಿ ಮಂದಿ ಮನಿ ಗೋಡಿ ಹತ್ಕೊಂಡೈತಲ್ರಿ."

"ಮತ್ತ ಬೆಂಕಿ ಬಿದ್ರ ಅವ್ರು ಎಲ್ಲಿಂದ ಇಳೀಬೇಕ್ರಿ?"

ಅವನು ಕಟರ್ ಹಿಡಿದವನಿಗೆ ಮುಂದುವರಿಸು ಎಂದು ಕೈ ಮಾಡಿದ.

"ಬೆಂಕಿ ಭಯ ಇಲ್ಲ ಅನ್ನೋ ಕಾಗದಕ್ಕ ನಾ ಸಹಿ ಮಾಡಾಂಗಿಲ್ರಿ" ಎಂದು ರೂಪಾ ಹೊರಟಳು. ಗೇಟಿನಲ್ಲಿ ಜುಬೇದಾಬೀ ಕೈ ಹಿಡಿದು ನಿಲ್ಲಿಸಿದಳು. ರೂಪಾಳ ಓಣಿಯವಳು, ಅವಳ ಶಾಲೆಯ ಲಂಗಗಳನ್ನೆಲ್ಲ ಹೊಲಿದುಕೊಟ್ಟವಳು. ಈಗ ಇಲ್ಲಿ ಕೆಲಸಕ್ಕೆ ಹೆಸರು ಬರೆಸಿದ್ದಳು.

"ಜಗಳ ಮಾಡಬ್ಯಾಡವಾ ರೂಪಾ. ಈ ಕಾರ್ಖಾನೆ ನಿಂತ್ಹೋದ್ರ ನಾವು ಮತ್ತ ಶ್ರೀರಾಮನಗರದ ಗದ್ದ್ಯಾಗ ಭತ್ತದ ನಾಟಿ ಹಚ್ಚಾಕ ಹೋಗಬೇಕು. ನನ್ನ ಸೊಂಟ ಬಗ್ಗಾಂಗಿಲ್ಲ."

"ಖಾಲಾ, ಇದು ಜೀವದ ಮಾತು."

"ಬೆಂಕಿ ಯಾವಾಗ ಬೀಳತೈತೋ ಅಲ್ಲಾಗ ಗೊತ್ತು. ನಮ್ಮ ಒಲಿ ದಿನಾ ಹತ್ತಬೇಕಲ್ಲ."

ರೂಪಾ ಸಹಿ ಮಾಡಲಿಲ್ಲ. ಅಗ್ನಿಶಾಮಕ ಇಲಾಖೆಗೆ ಬರೆದಳು, ಉತ್ತರ ಬರಲಿಲ್ಲ. ಬೇರೆ ಊರಿನ ಯಾರೋ ಎಂಜಿನಿಯರ್ ಬಂದು ಸಹಿ ಹಾಕಿಹೋದ. ಕಾರ್ಖಾನೆ ಶುರುವಾಯಿತು.

ಮೊದಲ ಪಗಾರದ ದಿನ ಜುಬೇದಾಬೀ ರೂಪಾಳನ್ನು ಒತ್ತಾಯದಿಂದ ಅಲ್ಲಿಗೆ ಕರೆದೊಯ್ದಳು. ಅಟ್ಟದ ಮೇಲೆ ಮಷೀನುಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಕಾಲಡಿ ಬಟ್ಟೆಯ ಚೂರುಗಳು. ಬಾಗಿಲಿದ್ದಲ್ಲಿ ಹಳೆಯ ಕಲ್ಲನ್ನೇ ಕೂಡಿಸಿ, ಗುರುತೇ ಸಿಗದ ಹಾಗೆ ಮುಚ್ಚಿದ್ದರು.

"ಎಷ್ಟ್ ಛಲೋ ಮಾಡ್ಯಾರ ನೋಡವಾ" ಎಂದಳು ಜುಬೇದಾಬೀ ಹೆಮ್ಮೆಯಿಂದ.

ರೂಪಾ ತಲೆಯಾಡಿಸಿ ಹೊರಟಳು. ಮರದ ಮೆಟ್ಟಿಲಲ್ಲಿ ಇಬ್ಬರು ಹೆಂಗಸರು ಬಟ್ಟೆಯ ಗಂಟು ಹೊತ್ತು ಮೇಲೆ ಬರುತ್ತಿದ್ದರು. ಅವರು ಹತ್ತಿ ಮುಗಿಸುವ ತನಕ ಅವಳು ಗೋಡೆಗೆ ಒತ್ತಿಕೊಂಡು ನಿಂತು ಕಾದಳು.