ಮಯೂರಿಯ ಫೋನು ಚಾರ್ಜ್ ಆಗಲಿಲ್ಲ

ಬಾದಾಮಿಯ ವಸತಿ ಶಾಲೆಯವರು ಮಯೂರಿಯ ಸಂದರ್ಶನ ಮುಗಿಸಿ, "ಆಯ್ಕೆ ಆದ್ರ ಫೋನ್ ಮಾಡ್ತೇವ್ರಿ. ನೀವು ಸಿಗಲಿಲ್ಲಂದ್ರ ಮುಂದಿನವ್ರಿಗೆ ಹೇಳ್ತೇವಿ" ಎಂದು ಕಳಿಸಿದ್ದರು. ಅದೇ ವಾರ ಅವಳ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು.

ಹುನಗುಂದದ ಆ ಮನೆಯಲ್ಲಿ ಇದ್ದವರು ಮೂವರು: ಮಯೂರಿ, ಅವಳ ಮಾವ ಪಂಢರೀನಾಥ ಮಾಸ್ತರರು, ಲಕ್ವ ಹೊಡೆದು ಮಾತು ಕಳೆದುಕೊಂಡು ಹಾಸಿಗೆ ಹಿಡಿದಿದ್ದ ಅತ್ತೆ ಭಾಗೀರಥೀಬಾಯಿ. ಗಂಡ ಶಿರೀಷನಿಗೆ ಬಾಗಲಕೋಟೆಯಲ್ಲಿ ಕೆಲಸ. ಅಲ್ಲೇ ರೂಮು ಮಾಡಿಕೊಂಡು ಶನಿವಾರಕ್ಕೊಮ್ಮೆ ಬರುತ್ತಿದ್ದ. ಅತ್ತೆಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು ಎಲ್ಲವೂ ಮಯೂರಿಯ ಪಾಲಿಗೆ ಬಂದಿತ್ತು. ಅದರ ನಡುವೆಯೇ ಅವಳು ಬಿ.ಎಡ್. ಮುಗಿಸಿದ್ದಳು. ಓದು ಎಂದು ಬೆನ್ನು ಹತ್ತಿದವರು ಮಾವನೇ. ಅವಳು ಓದುತ್ತ ಕೂತಾಗ ಚಹಾ ಮಾಡಿ ತಂದು ಪಕ್ಕಕ್ಕಿಟ್ಟು ಸದ್ದಿಲ್ಲದೆ ಹೋಗುತ್ತಿದ್ದರು. ತನ್ನ ತಂದೆಯೂ ಇಷ್ಟು ಮಾಡಿರಲಿಲ್ಲ ಎಂದು ಅವಳು ತವರಿಗೆ ಹೋದಾಗಲೆಲ್ಲ ಹೇಳುತ್ತಿದ್ದಳು.

ಫೋನು ಕೆಟ್ಟ ದಿನ ಮಾಸ್ತರರು ಕನ್ನಡಕ ಹಾಕಿಕೊಂಡು ಮುಂದೆ ಕೂತರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಎಲ್ಲವನ್ನೂ ಕ್ರಮವಾಗಿಯೇ ಮಾಡುತ್ತಿದ್ದರು.

"ಮೊದಲು ಕರೆಂಟ್ ಬರ್ತದೋ ಇಲ್ಲೋ ನೋಡೋಣು" ಎಂದು ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪು ಹಚ್ಚಿದರು. ಉರಿಯಿತು. ಪಕ್ಕದ ಮನೆಯಿಂದ ಬೇರೆ ವೈರು ತರಿಸಿ ಹಾಕಿದರು, ಆಮೇಲೆ ಬೇರೆ ಚಾರ್ಜರು. ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದು ನೋಡಿದರು. ಫೋನು ಜೀವ ಹಿಡಿಯಲಿಲ್ಲ.

"ಪಿನ್ನು ಪೂರ್ತಿ ಒಳಗ ಹೋಗವಲ್ದು ಮಾವಾ. ಕಸಾ ಕೂತಿರಬೇಕು. ಸೂಜೀಲೆ ತಗೀಲೇನು?"

"ಚುಚ್ಚಬ್ಯಾಡ. ಶಾರ್ಟ್ ಆದ್ರ ಇದ್ದದ್ದೂ ಹೋಗ್ತದ. ನಾನ ಅಂಗಡಿಗೆ ಒಯ್ತೇನಿ" ಎಂದು ಅವಳ ಕೈಯಿಂದ ಫೋನು ತೆಗೆದುಕೊಂಡರು.

ಮಧ್ಯಾಹ್ನ ಬರಿಗೈಯಲ್ಲಿ ಮರಳಿದರು. ಬೋರ್ಡು ಸುಟ್ಟಿದೆಯಂತೆ, ಸಾಮಾನು ಹುಬ್ಬಳ್ಳಿಯಿಂದ ಬರಬೇಕಂತೆ, ಫೋನನ್ನು ಅಲ್ಲೇ ಬಿಟ್ಟು ಬಂದಿದ್ದಾರಂತೆ. ಸಿಮ್ಮು ತೆಗೆಸಿಕೊಂಡು ಬರಬೇಕಿತ್ತಲ್ಲ ಎಂದಳು ಮಯೂರಿ. ನೆನಪಾಗಲಿಲ್ಲ ಎಂದರು. ಬಾದಾಮಿಗೆ ನೀವೇ ಒಮ್ಮೆ ಫೋನು ಮಾಡಿ ಕೇಳಿರಿ ಎಂದಳು. ಮಾಸ್ತರರು ತಮ್ಮ ಹಳೆಯ ಫೋನು ಹಿಡಿದು ಅಂಗಳಕ್ಕೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದರು.

"ಇನ್ನೂ ಏನೂ ಠರಾವ್ ಆಗಿಲ್ಲಂತ. ಅವಸರ ಮಾಡಬ್ಯಾಡ."

ಅವಳು ನಂಬಿದಳು. ನಂಬದೆ ಇರಲು ಕಾರಣವೇ ಇರಲಿಲ್ಲ.

ಶನಿವಾರ ಬಂದ ಶಿರೀಷ ಊಟ ಮಾಡುತ್ತ, "ಅಪ್ಪಾ ನೋಡ್ಲಿಕತ್ತಾನಲ್ಲ, ಬಿಡು" ಎಂದ. ಮತ್ತೂ ದಿನಗಳು ಹೋದವು. ಹುಬ್ಬಳ್ಳಿಯ ಸಾಮಾನು ಬರಲಿಲ್ಲ. ಒಂದು ಬೆಳಿಗ್ಗೆ ಮಯೂರಿ ಅತ್ತೆಗೆ ಗಂಜಿ ಕುಡಿಸಿ, ಪಕ್ಕದ ಮನೆಯಾಕೆಯನ್ನು ಕೂರಿಸಿ, ತಾನೇ ಬಜಾರಿಗೆ ಹೋದಳು.

ಅಂಗಡಿಯ ಮತೀನ ಮಾಸ್ತರರ ಹಳೆಯ ವಿದ್ಯಾರ್ಥಿ. ಅವಳ ಮಾತು ಕೇಳಿ ಗೊಂದಲಕ್ಕೆ ಬಿದ್ದ.

"ಮಾಸ್ತರು ಫೋನ್ ಬಿಟ್ಟ ಹೋಗಿಲ್ರಿ ಅಕ್ಕಾರ. ತೋರಿಸಿ ವಾಪಸ್ ಒಯ್ದಾರ."

"ಬೋರ್ಡ್ ಸುಟ್ಟದ ಅಂದ್ರಂತಲ್ಲ?"

"ಬೋರ್ಡಿಗೆ ಏನೂ ಆಗಿಲ್ರಿ. ವೈರ್ ಹಾಕೋ ತೂತಿನ್ಯಾಗ ಅಂಟು ಬಿದ್ದೈತಿ. ಚಪ್ಪಲಿ ಹರದ್ರ ಹಚ್ತಾರಲ್ರಿ, ಅದು. ಈಗ ತಗದ ಕೊಡ್ತೇನಿ ಸರ್ ಅಂದೆ. ಬ್ಯಾಡ, ಹೊಸಾದು ತಗೋತೇವಿ ಅಂದ್ರು. ಮನ್ಯಾಗ ಸಣ್ಣ ಹುಡುಗೂರು ಹಾಕ್ಯಾರಂತ."

ಅವರ ಮನೆಯಲ್ಲಿ ಸಣ್ಣ ಹುಡುಗರು ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಇರಲಿಲ್ಲ.

ಮನೆಗೆ ಬಂದಾಗ ಮಾಸ್ತರರು ಹೆಂಡತಿಯ ಮಂಚದ ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಪಕ್ಕದ ಮನೆಯಾಕೆ ಹೋಗುವ ತನಕ ಮಯೂರಿ ಬಾಗಿಲಲ್ಲೇ ನಿಂತಳು.

"ಫೋನ್ ಕೊಡ್ರಿ ಮಾವಾ."

ಅವರು ಪೇಪರು ಮಡಚಿದರು. ಎದ್ದು ಹೋಗಿ ತಮ್ಮ ಧೋತರಗಳ ಕಪಾಟಿನಿಂದ ಫೋನು ತಂದು ಅವಳ ಕೈಗಿಟ್ಟರು.

"ಯಾಕ ಹಿಂಗ ಮಾಡಿದ್ರಿ?"

"ಇಕೀನ್ನ ಎತ್ತಲಿಕ್ಕೆ ನನ್ನ ಕೈಲೆ ಆಗೂದಿಲ್ಲ ಮಯೂರಿ. ನೀ ಬಾದಾಮಿಗೆ ಹೋದ್ರ ಅಲ್ಲೇ ಇರಬೇಕಾಗ್ತದ. ಇಲ್ಲೆ ಯಾರಿದ್ದಾರ?"

"ಅದನ್ನ ನನಗ ಹೇಳಬೇಕಿತ್ತು. ಹೋಗಬ್ಯಾಡ ಅಂತ ಕೇಳಬೇಕಿತ್ತು."

"ಕೇಳಿದ್ರ ನೀ ಹೂಂ ಅಂತಿದ್ದಿ" ಎಂದರು ಮಾಸ್ತರರು. "ಅದಕ್ಕ ಕೇಳಲಿಲ್ಲ. ಓದಿಸಿದಂವನ ನಿನ್ನ ಹಿಡದು ಕೂಡಿಸಿದಾ ಅಂತ ಆಗ್ತಿತ್ತು. ಫೋನ್ ಕೆಟ್ಟು ಹೋತಂದ್ರ ಯಾರದೂ ತಪ್ಪಿಲ್ಲ."

ಮಯೂರಿ ಫೋನಿನ ತೂತನ್ನು ಬೆಳಕಿಗೆ ಹಿಡಿದು ನೋಡಿದಳು. ಅವರೇ ಮುಂದುವರಿಸಿದರು. "ಮತೀನನ ಅಂಗಡಿಗೆ ಖರೇನ ರಿಪೇರಿ ಮಾಡಸಲಿಕ್ಕೆ ಹೋಗಿದ್ದೆ. ಈಗ ತಗದ ಕೊಡ್ತೇನಿ ಅಂದ ನೋಡು, ಅಂಜಿಕಿ ಬಂತು. ಅಂಟು ಹಾಕಿದ್ದು ಅದಕ್ಕೂ ಮೊದಲ, ಇಲ್ಲೇ ಕೂತು. ಇಕಿ ನೋಡ್ಯಾಳ. ಅವತ್ತಿಂದ ನನ್ನ ಕೈಲೆ ನೀರ ಕುಡಿಯೂದಿಲ್ಲ."

ಭಾಗೀರಥೀಬಾಯಿಯವರ ಕಣ್ಣು ತೆರೆದೇ ಇತ್ತು. ಗೋಡೆಯ ಕಡೆ ನೋಡುತ್ತಿದ್ದರು.

ಮಯೂರಿ ಫೋನು ಹಿಡಿದು ಮತ್ತೆ ಅಂಗಡಿಗೆ ಹೋದಳು. ಮತೀನ ಅಂಟನ್ನು ಬಿಸಿ ಮಾಡಿ, ಮೊನಚು ಚಿಮುಟದಿಂದ ಕೆರೆದು ತೆಗೆದ. ಫೋನು ಚಾರ್ಜ್ ಆಗತೊಡಗಿತು. ಅವಳು ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾದಳು. ಪರದೆ ಬೆಳಗಿದ ಕೂಡಲೇ ಬಾದಾಮಿಯ ನಂಬರಿನಿಂದ ಕರೆ ಬಂದಿದ್ದ ಸೂಚನೆಗಳು ಸಾಲಾಗಿ ಇಳಿದವು. ಕೊನೆಗೆ ಒಂದು ಸಂದೇಶ: ತಾವು ಸಂಪರ್ಕಕ್ಕೆ ಸಿಗದ ಕಾರಣ ಬೇರೆಯವರನ್ನು ನೇಮಿಸಿಕೊಳ್ಳಲಾಗಿದೆ. ಆದರೂ ಫೋನು ಮಾಡಿದಳು.

"ಅವ್ರು ಬಂದು ಸೇರ್ಕೊಂಡ್ರಲ್ರಿ" ಎಂದರು ಆಫೀಸಿನವರು. "ನೀವ ಮೊದಲನೇದವ್ರು ಇದ್ರಿ. ಒಂದ್ ಫೋನರೆ ಮಾಡಬಾರದಿತ್ತೇನ್ರಿ?"

ಹಾಗಾದರೆ ಮಾವ ಅಂಗಳದಲ್ಲಿ ಸುಮ್ಮನೆ ಫೋನು ಹಿಡಿದು ನಿಂತು ಬಂದಿದ್ದರು.

ಶನಿವಾರ ಶಿರೀಷನಿಗೆ ಎಲ್ಲ ಹೇಳಿದಳು. ಅವನು ಕೈ ತೊಳೆದುಕೊಂಡು ಬಂದು, "ಅಪ್ಪಾ ತಪ್ಪ ಮಾಡ್ಯಾನ ಖರೆ. ಆದ್ರ ಅವನ ಕಡಿಂದನೂ ವಿಚಾರ ಮಾಡು" ಎಂದ. ಆ ಮಾತಿನಲ್ಲಿ ಒಂದು ನಿರಾಳ ಇತ್ತು. ಅದು ಅವಳಿಗೆ ಅಂಟಿಗಿಂತ ಹೆಚ್ಚು ನೋವು ಕೊಟ್ಟಿತು.

ಮರುದಿನ ಅವಳು ಹಿಂದಿನ ಓಣಿಯ ಕಾಸಿಂಬಿಯ ಮನೆಗೆ ಹೋದಳು. ಕಾಸಿಂಬಿ ದವಾಖಾನೆಯಲ್ಲಿ ರೋಗಿಗಳನ್ನು ನೋಡಿಕೊಂಡ ಅನುಭವವಿದ್ದ ಹೆಂಗಸು. "ನಾಳಿಂದ ಬರ್ತೇನಿ ತಗೋರಿ" ಎಂದಳು. ಅಷ್ಟೇ. ಯಾರೂ ಇಷ್ಟು ದಿನ ಹೋಗಿ ಕೇಳಿರಲಿಲ್ಲ.

ಕಾಸಿಂಬಿ ಬಂದ ದಿನ ಮಾಸ್ತರರು ಬೇಕು ಬೇಡ ಎನ್ನಲಿಲ್ಲ. ಒಂದು ಕೈ ಬೆನ್ನಿನ ಕೆಳಗೆ ಹಾಕಿ ಆಕೆ ಭಾಗೀರಥೀಬಾಯಿಯವರನ್ನು ಎತ್ತಿ ಕೂರಿಸಿದ್ದನ್ನು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಅಂಗಳಕ್ಕೆ ಹೋದರು.

ಮಳೆಗಾಲಕ್ಕೆ ಮಯೂರಿಗೆ ಇಳಕಲ್ಲಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೆರಿಗೆ ರಜೆಗೆ ಹೋದವರ ಜಾಗ. ಅವರು ಮರಳಿದರೆ ಇವಳು ಬಿಡಬೇಕು. ಸಂಜೆ ಬಸ್ಸು ಇಳಿದು ಮನೆಗೆ ಬರುವ ಹೊತ್ತಿಗೆ ಮಾವ ಕಟ್ಟೆಯ ಮೇಲೆ ಕೂತಿರುತ್ತಾರೆ.

"ಇವತ್ತ ಏನ ಕಲಿಸಿದಿ ಮಯೂರಿ?" ಎಂದು ಕೇಳುತ್ತಾರೆ.

"ಪಾಠಾ ಕಲಿಸಿದ್ನಿರಿ" ಎಂದು ಹೇಳಿ, ಚಪ್ಪಲಿ ಬಿಟ್ಟು, ಅವಳು ಅತ್ತೆಯ ಕೋಣೆಗೆ ಹೋಗುತ್ತಾಳೆ.